ಹಂಪಣ್ಣನ ಮೀನಖಂಡ

ರಾಯಚೂರಿನ ಧಾನ್ಯದ ಮಾರುಕಟ್ಟೆ, ಗಂಜಿನಲ್ಲಿ ಚೀಲ ಹೊತ್ತು ಗಂಜಿ ಕಾಣುವ ಹಮಾಲರಲ್ಲಿ ಹಂಪಣ್ಣನೂ ಒಬ್ಬ. ಊರು ದೇವದುರ್ಗದ ಕಡೆ, ಅರಕೇರಾ ಮಗ್ಗುಲ ಒಂದು ಹಳ್ಳಿ. ನೋಡುವವರು ಹಮಾಲನ ಬೆನ್ನು ನೋಡಿ ಮರುಗುತ್ತಾರೆ. ಹೊರುವವನಿಗೆ ಮಾತ್ರ ಗೊತ್ತು, ಈ ಕಸುಬಿನಲ್ಲಿ ಮುಕ್ಕಾಲು ಪಾಲು ಕಾಲೇ. ಲಾರಿಗೆ ಒರಗಿಸಿದ ಹಲಗೆಯ ಮೇಲೆ ಭತ್ತದ ಚೀಲ ಹೊತ್ತು ಏರುವಾಗ ಬೆನ್ನು ಸಾಹುಕಾರನ ಹಾಗೆ ಸುಮ್ಮನೆ ಬಾಗಿರುತ್ತದೆ; ದುಡಿಯುವವು ಕೆಳಗಿನ ಎರಡು ಮೀನಖಂಡಗಳು.

ಅವುಗಳಲ್ಲಿ ಎಡಗಾಲಿನದು ಒಂದು ಬೇಸಗೆಯ ಮಧ್ಯಾಹ್ನ ತಾನಾಗಿಯೇ ಹಾರತೊಡಗಿತು. ಹಂಪಣ್ಣ ತಗಡಿನ ನೆರಳಲ್ಲಿ ಲುಂಗಿ ಎತ್ತಿ ಕಟ್ಟಿ, ಚಹಾ ಕುಡಿಯುತ್ತ ಕೂತಿದ್ದ. ಚರ್ಮದ ಅಡಿಯಲ್ಲಿ ಏನೋ ಪುಳಕ್ ಎಂದು ಎದ್ದು ಮುಳುಗಿತು. ಮತ್ತೆ ಎದ್ದಿತು. ನೋವಿಲ್ಲ, ಉರಿಯಿಲ್ಲ. ಕಾಲು ತನ್ನದೇ ಆದರೂ ಆಟ ತನ್ನದಲ್ಲ ಎನ್ನುವಂತಿತ್ತು. ಎದುರಿಗೆ ಕೂತಿದ್ದ ಮೇಸ್ತ್ರಿ ಶಂಭುಲಿಂಗಪ್ಪನ ಕಣ್ಣು ಅಲ್ಲಿಗೇ ಬಿತ್ತು.

"ಏನಲೇ ಹಂಪ್ಯಾ, ಕಾಲಾಗ ಮೀನು ಸಾಕೀಯೇನು?"

"ನಾ ಎಲ್ಲಿ ಸಾಕ್ಲಿರೀ ಮೇಸ್ತ್ರಿ. ಅದ ಬಂದು ಕುಂತದ."

"ನೀರು ಕಮ್ಮಿ ಆದ್ರ ಮೀನು ಹಂಗ ಒದ್ದಾಡ್ತದ. ನೀರು ಕುಡಿ."

ಇಡೀ ಗಂಜ್ ವೈದ್ಯಕೀಯ ಕಾಲೇಜಾಗಲು ಅಷ್ಟೇ ಸಾಕಾಯಿತು. ಚಹಾ ಬಿಡು ಎಂದು ಒಬ್ಬ ಚಹಾ ಹೀರುತ್ತಲೇ ಹೇಳಿದ. ಉಪ್ಪು ಹಾಕಿದ ಮಜ್ಜಿಗೆ ಕುಡಿ, ಬಾಳೆಹಣ್ಣು ತಿನ್ನು, ಎಳ್ಳೆಣ್ಣೆ ತಿಕ್ಕು, ಮಲಗುವಾಗ ಕಾಲು ಗೋಡೆಗೆ ಇಡು ಎಂದು ಒಬ್ಬೊಬ್ಬರದೂ ಒಂದೊಂದು. ಎಲ್ಲವೂ ವಾಯು, ಜಗತ್ತೇ ವಾಯು ಎಂದ ಇನ್ನೊಬ್ಬ. ಹಂಪಣ್ಣ ಮೀನಮೇಷ ಎಣಿಸದೆ ಎಲ್ಲವನ್ನೂ ಮಾಡಿದ. ಅವನ ಹೆಂಡತಿ ಬೂದೆಮ್ಮ ರಾತ್ರಿ ಊಟಕ್ಕೆ ಮೊದಲು ಎಣ್ಣೆ ಕಾಯಿಸಿ ತಿಕ್ಕುವಳು. ಅವಳ ಹೆಬ್ಬೆರಳಿನ ಅಡಿಯಲ್ಲಿ ಮೀನಖಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈ ತೆಗೆದ ಕೂಡಲೇ ಮತ್ತೆ ಹಾರುವುದು.

"ಇದಕ್ಕ ಸೊಕ್ಕು ಬಂದದ," ಎಂದಳು ಅವಳು.

"ನಮ್ಮ ಮನ್ಯಾಗ ಯಾರಿಗರ ಬರಲಿ ಬಿಡು," ಎಂದ ಹಂಪಣ್ಣ.

ಹೀಗೆ ನಗುವಷ್ಟು ಚಿಕ್ಕದಾಗಿದ್ದದ್ದು ದೊಡ್ಡದಾದದ್ದು ಮೊಹರಮ್ಮಿಗೆ ಊರಿಗೆ ಹೋದಾಗ.

ಹಂಪಣ್ಣನ ಊರಿನಲ್ಲಿ ಮುಸಲ್ಮಾನರ ಮನೆ ಎಂದರೆ ಒಂದೇ, ಮಸೂತಿಯ ಪಕ್ಕದ ಸುಗ್ರಾ ಬೇಗಂ ಅವರದು. ಊರ ಬಾಯಲ್ಲಿ ಆಕೆ ಸುಗ್ರಮ್ಮ. ಪೀರ ದೇವರ ಪೆಟ್ಟಿಗೆ ತೆಗೆಯುವುದು, ಹಿತ್ತಾಳೆಯ ಹಸ್ತ ತೊಳೆದು ಬಿದಿರಿನ ಕೋಲಿಗೆ ಏರಿಸಿ ಜರಿಬಟ್ಟೆ ಸುತ್ತುವುದು ಆಕೆಯ ಹಕ್ಕು. ಹೊರುವುದು, ಕುಣಿಯುವುದು, ಸಕ್ಕರೆಯ ಮೇಲೆ ಫಾತಿಹಾ ಓದಿಸುವುದು ಉಳಿದವರ ಹಕ್ಕು. ಅಲ್ಲಿಯ ಪೀರ ಕಾಸೀಮಪ್ಪ. ಅವನನ್ನು ಹೊರಲು ಅರ್ಜಿ ಹಾಕುವ ಹಾಗಿಲ್ಲ, ಊರು ನೇಮಿಸುವ ಹಾಗೂ ಇಲ್ಲ. ಮಸೂತಿಯ ಮುಂದೆ ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಬೀಳುವ ದಿನ ಯಾರ ಮೈ ತಾನಾಗಿ ನಡುಗುತ್ತದೋ ಅವನೇ ದೇವರು ಒಪ್ಪಿದ ಆಳು. ಬಹಳ ಕಾಲ ಹೊತ್ತಿದ್ದವನು ತಾಯಣ್ಣ ಎಂಬ ಮುದುಕ. ಮೊಣಕಾಲು ಕೈಕೊಟ್ಟು ಅವನು ಬಿಟ್ಟ ಮೇಲೆ ಯಾರ ಮೈಯೂ ನಡುಗಲಿಲ್ಲ. ಹಿಂದಿನ ವರ್ಷ ಕಾಸೀಮಪ್ಪ ಮಸೂತಿಯ ಗೋಡೆಗೆ ಒರಗಿ ನಿಂತೇ ಹಬ್ಬ ಮುಗಿಸಿದ್ದ. ಊರಿಗೆ ಅದೊಂದು ಅವಮಾನವಾಗಿ ಉಳಿದಿತ್ತು.

ಹಂಪಣ್ಣ ಕುಣಿಯ ದಂಡೆಯಲ್ಲಿ ಲುಂಗಿ ಎತ್ತಿ ಕುಕ್ಕರುಗಾಲಲ್ಲಿ ಕೂತ. ಗುದ್ದಲಿ ಬಿತ್ತು. ಊದಿನ ಹೊಗೆ ಎದ್ದಿತು. ಬಸ್ಸಿನಲ್ಲಿ ನಿಂತು ಬಂದ ದಣಿವಿಗೋ ಏನೋ, ಎಡ ಮೀನಖಂಡ ಎಂದಿಗಿಂತ ಜೋರಾಗಿ ಹಾರಿತು. ತಾಯಣ್ಣ ಬಗ್ಗಿ ನೋಡಿದ. ಮುಟ್ಟಿ ನೋಡಿದ. ಆಮೇಲೆ ಕೂಗಿದ:

"ಬಂದಾನ! ಕಾಸೀಮಪ್ಪ ಬಂದಾನ! ಹಂಪಣ್ಣನ ಕಾಲಾಗ ಬಂದಾನ!"

"ಕಾಕಾ, ಅದು ಹಂಗಲ್ಲೋ. ಗಂಜಿನ್ಯಾಗ ಸೈತ ಹಾರ್ತದ."

"ಗಂಜಿನ್ಯಾಗ ದೇವ್ರು ಇರಂಗಿಲ್ಲೇನು? ಎಂದಿನಿಂದ ಹಾರಾಕತ್ತದ?"

"ಉಗಾದಿ ಆದಾಗಿಂದ."

"ನೋಡ್ರಪ್ಪಾ! ಉಗಾದಿಯಿಂದ ಕರಿಯಾಕತ್ಯಾನ, ಇವ ಎಣ್ಣಿ ತಿಕ್ಕಿಸ್ಕೊಂತ ಕುಂತಾನ!"

ಸುಗ್ರಮ್ಮ ಮಸೂತಿಯ ಕಟ್ಟೆಯಿಂದ ಇಳಿದು ಬಂದಳು. ಕನ್ನಡಕ ಸರಿಮಾಡಿಕೊಂಡು, ಹಾರುವ ಸ್ನಾಯುವನ್ನು ಬಹಳ ಹೊತ್ತು ನೋಡಿದಳು.

"ದೇವ್ರು ಬಂದ್ರ ಮನಿ ತುಂಬ ಬರ್ತಾನ ಬೇಟಾ. ಹಿಂಗ ಹಿತ್ತಲಾಗಷ್ಟ ಯಾಕ ಕುಂದ್ರತಾನ? ದವಾಖಾನಿಗೆ ತೋರಸು."

"ಸುಗ್ರಮ್ಮಾ, ನೀ ದೇವ್ರ ಪೆಟ್ಟಿಗಿ ಕಾಯಿ. ದೇವ್ರು ಎಲ್ಲಿ ಕುಂದ್ರಬೇಕು ಅಂತ ದೇವ್ರಿಗೆ ಹೇಳಬ್ಯಾಡ," ಎಂದ ತಾಯಣ್ಣ. ಜನ ನಕ್ಕಿತು. ಆಕೆ ಕಟ್ಟೆಗೆ ಮರಳಿದಳು. ಒಂದು ವರ್ಷ ದೇವರನ್ನು ಗೋಡೆಗೆ ಒರಗಿಸಿದ ಸಂಕಟ ಆಕೆಗೂ ಇತ್ತು.

ಕಡೆಯ ದಿನ ಹಾಡಹಗಲೇ ಹಂಪಣ್ಣನ ಕೊರಳಿಗೆ ಪೀರ ದೇವರ ದಾರ, ಲಾಡಿ, ಬಿತ್ತು, ಸೊಂಟಕ್ಕೆ ಕಾಸೀಮಪ್ಪನ ಕೋಲು ಸಿಕ್ಕಿಸಲಾಯಿತು. ವರ್ಷವಿಡೀ ಹಲಗೆಯ ಮೇಲೆ ನಡೆದವನು ಅಂದು ಬಡಿಯುವ ಹಲಗೆಯ ಹಿಂದೆ ನಡೆದ. ಬಡಿತ ಏರಿತು. ಚೀಲಕ್ಕಿಂತ ದೇವರು ಹಗುರ, ಆದರೆ ಚೀಲ ಗಾಳಿಗೆ ವಾಲುವುದಿಲ್ಲ. ಊರ ಅಗಸೆಬಾಗಿಲ ಹತ್ತಿರ ಹಂಪಣ್ಣನ ಎಡಪಾದ ಎತ್ತಿದಷ್ಟು ಏಳದೆ ಕಲ್ಲಿಗೆ ತಾಗಿತು. ಅವನು ಮುಗ್ಗರಿಸಿ, ಬಲಕ್ಕೆ ಓಡಿ, ಎಡಕ್ಕೆ ತೂರಾಡಿ ಹೇಗೋ ನಿಂತ. ಬೀಳಲಿಲ್ಲವಲ್ಲ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಜನ "ದೀನ್ ದೀನ್" ಎಂದು ಕೂಗಿತು. ಎಂಥ ಆವೇಶ! ಬಾವಿಯ ಹತ್ತಿರ ಮತ್ತೆ ಎಡವಿದ. ಕೂಗು ಇಮ್ಮಡಿಯಾಯಿತು. ಅವನ ಒಂದೊಂದು ತಪ್ಪು ಹೆಜ್ಜೆಗೂ ಹಲಗೆಯವರು ತಾಳ ಕೂಡಿಸಿದರು. ಹೆಂಗಸರು ನೀರು ಹಾಕಿ ಎಡಗಾಲಿಗೇ ಹಣೆ ಹಚ್ಚಿದರು. ಬಾಣಂತಿಯೊಬ್ಬಳು ಹಾರುವ ಮೀನಖಂಡಕ್ಕೆ ಕೂಸಿನ ಅಂಗೈ ಮುಟ್ಟಿಸಿದಳು. ಹುಟ್ಟಿದಾಗಿನಿಂದ "ಏ ಹಮಾಲಿ, ಸರಿ ಆ ಕಡೆ" ಎಂದು ಕರೆಸಿಕೊಂಡವನು, ಜನ ಸರಿದು ದಾರಿ ಬಿಡುವುದನ್ನು ಅಂದೇ ಮೊದಲ ಸಲ ಕಂಡ.

ಬಸ್ಸಿನಲ್ಲಿ ಮರಳುವಾಗ ಬೂದೆಮ್ಮನಿಗೆ ಹೇಳಿದ: "ಮುಂದಿನ ವರ್ಸನೂ ಹೊರ್ತೀನಂತ ಬೇಡ್ಕೊಂಡೀನಿ."

"ಬೇಡ್ಕೊ. ಆದ್ರ ನೀ ಎಡವಿದ್ದು ಖರೇನೋ, ದೇವ್ರು ಎಡವಿದ್ದು ಖರೇನೋ?"



ದೀಪಾವಳಿಯ ಹೊತ್ತಿಗೆ ಎಡಗಾಲಿನ ಚಪ್ಪಲಿ ತಾನಾಗಿ ಜಾರತೊಡಗಿತು. ಹಂಪಣ್ಣ ಅದನ್ನು ಗಂಜಿನ ಸುತಳಿಯಿಂದ ಪಾದಕ್ಕೆ ಬಿಗಿದುಕೊಂಡ. ಹಲಗೆ ಏರುವಾಗ ಬೆರಳ ತುದಿ ಮರಕ್ಕೆ ಕೆರೆಯುತ್ತಿತ್ತು. ಬೂದೆಮ್ಮ ಹಠ ಹಿಡಿದು ತನ್ನ ತವರು ಮಾನ್ವಿಗೆ ಕರೆದೊಯ್ದಳು. ಅಲ್ಲಿ ಅವಳಪ್ಪನ ಕಾಲದಿಂದ ಕೆಂಪು ಸೂಜಿ ಹಾಕುವ ಹಿರಿಯ ಡಾಕ್ಟರರಿದ್ದರು. ಕೆಂಪು ಸೂಜಿ ಎಂದರೆ ಬಿ-ಹನ್ನೆರಡು. ಮಾನ್ವಿಯ ಮಂದಿಗೆ ಬಣ್ಣವಿಲ್ಲದ ಔಷಧದ ಮೇಲೆ ನಂಬಿಕೆ ಅಷ್ಟಕ್ಕಷ್ಟೆ.

"ನೀರು ಎಷ್ಟು ಕುಡಿತಿ?" ಕೇಳಿದರು ಡಾಕ್ಟರು.

"ಸಿಕ್ಕಷ್ಟ್ರೀ."

"ಚಾ?"

"ಕೊಟ್ಟಷ್ಟ್ರೀ."

"ನಿದ್ದಿ?"

"ಬಂದಷ್ಟು."

"ಛಲೋ ಆತು. ನೋಡು, ಮೀನಖಂಡ ಹಾರೋದು ಬಹಳ ಮಂದಿಗೆ ಬರ್ತದ. ಬಿಸಲಾಗ ಬೆವರಿನ ಜೋಡಿ ಉಪ್ಪು ಹೋದ್ರ ಹಾರ್ತದ. ದಣದ್ರ, ನಿದ್ದಿಗೆಟ್ರ, ಚಾ ಹೆಚ್ಚಾದ್ರ, ಚಿಂತಿ ಮಾಡಿದ್ರ ಹಾರ್ತದ. ಕೆಲವು ಗುಳಿಗಿ ನುಂಗಿದ್ರೂ ಹಾರ್ತದ. ಬರೇ ಹಾರಿದ್ರ ಅಂಜಂಗಿಲ್ಲ, ತಾನ ನಿಂದರ್ತದ. ಆದ್ರ ಕಾಲಿನ ಬಲ ಕಮ್ಮಿ ಆಗ್ಯಾದೇನು? ಎಡವೂದು? ಚಪ್ಪಲಿ ಜಾರೂದು? ಹಂಗಿದ್ರ ಮಾತು ಬ್ಯಾರೆ."

ಸ್ಟೂಲಿನ ಕೆಳಗೆ ಹಂಪಣ್ಣ ಸುತಳಿ ಕಟ್ಟಿದ ಪಾದವನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಂಡ.

"ಇಲ್ರೀ ಸಾಹೇಬ್ರ. ಬರೇ ಹಾರ್ತದ."

ಬೂದೆಮ್ಮ ಬಾಯಿ ತೆರೆದಳು. ಅವನು ಅವಳನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿದಳು. ಕೆಂಪು ಸೂಜಿ ಆಯಿತು. ರಸ್ತೆಗೆ ಬಂದ ಕೂಡಲೇ ಅವಳು ತಿರುಗಿಬಿದ್ದಳು.

"ಸುಳ್ಳು ಯಾಕ ಹೇಳಿದಿ?"

"ಸುಳ್ಳೇನು ಬಂತು? ಹಾರೂದು ಖರೇ ಅಲ್ಲೇನು?"

"ಸುತಳಿ?"

"ಸುತಳಿ ಗಂಜಿಂದು. ಅದರ ಸುದ್ದಿ ಡಾಕ್ಟರಗ ಯಾಕ?"

ಅವನೊಳಗೆ ನಡೆದ ಲೆಕ್ಕ ಬೇರೆಯೇ ಇತ್ತು. ಬರೀ ಹಾರಿದರೆ ಅದು ಕಾಸೀಮಪ್ಪ. ಬಲ ಹೋದರೆ ಅದು ರೋಗ. ರೋಗವಾದರೆ ಊರ ಜನ ಹಣೆ ಹಚ್ಚಿದ್ದು ರೋಗಕ್ಕೆ, ಆ ಕೂಸಿನ ಅಂಗೈ ಮುಟ್ಟಿದ್ದು ರೋಗಕ್ಕೆ. ಇಷ್ಟನ್ನು ಒಬ್ಬ ಡಾಕ್ಟರ ಮುಂದೆ, ಸ್ಟೂಲಿನ ಮೇಲೆ ಕೂತು, ಒಂದು ಉಸಿರಿನಲ್ಲಿ ಒಪ್ಪಿಕೊಳ್ಳುವುದು ಅವನಿಂದ ಆಗಲಿಲ್ಲ. ದೇವರು ಎಂದುಕೊಂಡರೆ ಮುಂದಿನ ಮೊಹರಮ್ಮಿನವರೆಗೆ ಒಂದು ದಾರಿಯಾದರೂ ಇತ್ತು.

ಚಳಿಗಾಲದಲ್ಲಿ ಅವನು ಹಲಗೆಯಿಂದ ಬಿದ್ದ. ಹೊತ್ತ ಚೀಲ ಪಕ್ಕಕ್ಕೆ ಬಿದ್ದದ್ದರಿಂದ ಬದುಕಿದ. ಶಂಭುಲಿಂಗಪ್ಪ ಓಡಿ ಬಂದು ಎತ್ತಿ ಕೂರಿಸಿ, ಮೊದಲು ಬೈದ, ಆಮೇಲೆ ಸುತಳಿ ನೋಡಿದ, ಆಮೇಲೆ ಎರಡೂ ಕಾಲಿನ ಲುಂಗಿ ಸರಿಸಿ ನೋಡಿದ. ಬಲ ಮೀನಖಂಡ ಮೀನಿನಂತೆಯೇ ಉಬ್ಬಿತ್ತು. ಎಡಗಾಲಿನದು ಒಣಮೀನಾಗಿತ್ತು.

"ಲೇ ಹಂಪ್ಯಾ," ಎಂದ ಮೇಸ್ತ್ರಿ, ದನಿ ತಗ್ಗಿಸಿ. "ದೇವ್ರು ಏರಿದ್ರ ಆಳು ದಪ್ಪ ಆಗಬೇಕಲೇ. ಇದೇನು ನಿನ್ನ ತಿನ್ನಾಕತ್ತದ."

ಅಂದೇ ಅವನನ್ನು ಆಟೋದಲ್ಲಿ ಹಾಕಿಕೊಂಡು ರಾಯಚೂರಿನ ನರರೋಗದ ದವಾಖಾನೆಗೆ ಹೋದ. ಅಲ್ಲಿಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೆತ್ತಗಿನವರು. ಸುತ್ತಿಗೆಯಿಂದ ಮೊಣಕಾಲು ತಟ್ಟಿದರು, ಅಂಗಾಲು ಗೀರಿದರು, ನಾಲಿಗೆ ಹೊರಗೆ ಹಾಕಿಸಿ ನೋಡಿದರು. ಇನ್ನೊಂದು ದಿನ ಕರೆಸಿ ಕಾಲಿಗೆ, ಕೈಗೆ, ಬೆನ್ನಿಗೆ ಸೂಜಿ ಚುಚ್ಚಿ ತಂತಿ ಹಚ್ಚಿದರು. ಪೆಟ್ಟಿಗೆಯಿಂದ ಹಂಚಿನ ಮೇಲೆ ಮಳೆ ಬಿದ್ದಂಥ ಸದ್ದು ಬಂತು. ತನ್ನ ಕಾಲಿನ ಸದ್ದು ಎಂದು ಕೇಳಿ ಹಂಪಣ್ಣನಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ರಕ್ತ ನೋಡಿದರು, ಬೆನ್ನುಹುರಿಯ ಚಿತ್ರ ತೆಗೆಸಿದರು. ಬೇರೆ ಏನಾದರೂ ಸಿಗಲಿ ಎಂದು ಹುಡುಕಿದರು. ಸಿಗಲಿಲ್ಲ.

ಬೂದೆಮ್ಮನನ್ನೂ ಕೂರಿಸಿಕೊಂಡು ಹೇಳಿದರು: "ನಾವು ಕೈಕಾಲು ಆಡಿಸೋದಕ್ಕೆ ಬೆನ್ನುಹುರಿಯೊಳಗಿಂದ ನರಗಳು ಹೊರಡ್ತಾವೆ. ಅವಕ್ಕೆ ಮೋಟರ್ ನರ ಅಂತೀವಿ. ನಿಮಗೆ ಅವು ಒಂದೊಂದೇ ಸಾಯ್ತಾ ಇವೆ. ಸಾಯೋ ನರ ಸುಮ್ಮನೆ ಸಾಯಲ್ಲ, ಒದ್ದಾಡ್ತದೆ. ಅದಕ್ಕೇ ಕಾಲು ಹಾರೋದು."

ಹಂಪಣ್ಣ ಯೋಚಿಸಿ ಕೇಳಿದ: "ಮೋಟರ್ ಸುಟ್ಟದ ಅಂದ್ರ ವೈಂಡಿಂಗ್ ಮಾಡಿಸಿದ್ರ ಆತಲ್ರೀ ಮೇಡಂ?"

ಡಾಕ್ಟರಮ್ಮ ನಗಲಿಲ್ಲ. "ಈ ಮೋಟರ್‌ಗೆ ವೈಂಡಿಂಗ್ ಇಲ್ಲ ಹಂಪಣ್ಣ. ಒಂದು ಗುಳಿಗೆ ಇದೆ. ಅದು ರೋಗ ನಿಲ್ಲಿಸಲ್ಲ, ಸ್ವಲ್ಪ ತಡ ಮಾಡ್ತದೆ, ಅಷ್ಟೆ. ಭಾರ ಎತ್ತೋದು ಇವತ್ತೇ ಬಿಡಿ."

"ಮೊದಲ ಬಂದಿದ್ರ?" ಎಂದಳು ಬೂದೆಮ್ಮ. ಅವಳ ಕಣ್ಣು ಗಂಡನ ಸುತಳಿಯ ಮೇಲಿತ್ತು.

"ಗುಳಿಗೆ ಮೊದಲು ಶುರು ಆಗ್ತಿತ್ತು. ಆದ್ರೂ ಕಡೆಗೆ ಇಲ್ಲಿಗೇ ಬಂದು ಮುಟ್ಟುತ್ತಿದ್ವಿ."

ಅದು ಸಮಾಧಾನವೋ ಶಾಪವೋ ಬೂದೆಮ್ಮನಿಗೆ ತಿಳಿಯಲಿಲ್ಲ. ಬೈಯಲು ಒಬ್ಬರಾದರೂ ಇದ್ದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು. ಮಾನ್ವಿಯ ಡಾಕ್ಟರರನ್ನು ಬೈಯುವ ಹಾಗಿಲ್ಲ, ಅವರು ಕೇಳಿಯೇ ಕೇಳಿದ್ದರು. ತಾಯಣ್ಣನನ್ನು ಬೈದರೆ ದೇವರನ್ನು ಬೈದ ಹಾಗೆ. ಗಂಡನನ್ನು ಬೈದಳು, ಮೂರು ಸಂಜೆ. ಆಮೇಲೆ ಅವನ ಅಂಗಿಯ ಗುಂಡಿ ತಾನೇ ಹಾಕಬೇಕಾಗಿ ಬಂದಾಗ ಅದನ್ನೂ ಬಿಟ್ಟಳು. ಗಂಜಿನ ಬಳಿಯ ಬಾಡಿಗೆ ಕೋಣೆ ಬಿಟ್ಟು ಇಬ್ಬರೂ ಊರಿಗೆ ಬಂದರು. ಶಂಭುಲಿಂಗಪ್ಪ ಬಸ್ಸಿನವರೆಗೆ ಬಂದು, ಹಂಪಣ್ಣನನ್ನು ಚೀಲ ಎತ್ತುವ ಹಾಗೆಯೇ ಎತ್ತಿ ಸೀಟಿನಲ್ಲಿ ಇಟ್ಟು, "ಹಗುರ ಆಗೀಯಲೇ" ಎಂದು ಬೇರೆ ಕಡೆ ಮುಖ ತಿರುಗಿಸಿದ.

ಊರಿನಲ್ಲಿ ಹಂಪಣ್ಣ ರೋಗದ ಹೆಸರು ಹೇಳಲಿಲ್ಲ. "ನರದ ತ್ರಾಸ, ಗುಳಿಗಿ ನಡದದ" ಎಂದ. ಕೋಲು ಹಿಡಿದು ಮಸೂತಿಯ ಕಟ್ಟೆಯವರೆಗೆ ಹೋಗಿ ಕೂರುವನು. ಮೀನಖಂಡ ಹಾರುತ್ತಲೇ ಇತ್ತು. ಅದು ನಿಂತರೆ ಸಾಕು ಎಂದು ದಿನಾ ಕೈಮುಗಿಯುವನು. ಹಾರುವುದು ನಿಂತರೆ ನರ ಒದ್ದಾಡುವುದು ನಿಂತ ಹಾಗೆ, ಒದ್ದಾಟ ನಿಂತರೆ ಸಾವೂ ನಿಂತ ಹಾಗೆ ಎಂದು ಡಾಕ್ಟರಮ್ಮನ ಮಾತನ್ನೇ ಹಿಂದುಮುಂದಾಗಿ ಮಡಚಿ ಇಟ್ಟುಕೊಂಡಿದ್ದ.

ಬಿಸಿಲು ಇಳಿದು ಮಿರಗದ ಮಳೆಯ ಮೋಡ ಬಂದ ದಿನಗಳಲ್ಲಿ ಒಂದು ಬೆಳಿಗ್ಗೆ ಅವನಿಗೆ ಏನೋ ಕಡಿಮೆಯಾದಂತೆ ಅನಿಸಿತು. ಲುಂಗಿ ಸರಿಸಿ ನೋಡಿದ. ಎಡಗಾಲು ನಿದ್ದೆ ಹೋದ ಕೂಸಿನಂತೆ ಬಿದ್ದಿತ್ತು. ಚಹಾ ಕುಡಿದು ನೋಡಿದ. ಬಿಸಿಲಿಗೆ ಕಾಲು ಚಾಚಿ ನೋಡಿದ. ಮಧ್ಯಾಹ್ನದವರೆಗೂ ಕಾದ. ಮರುದಿನವೂ ಹಾರಲಿಲ್ಲ, ವಾರ ಕಳೆದರೂ ಹಾರಲಿಲ್ಲ.

"ಬೂದಿ! ನಿಂತದ ನೋಡ!"

ಅವಳು ಒಲೆ ಬಿಟ್ಟು ಬಂದು ಅಂಗೈ ಇಟ್ಟು ನೋಡಿದಳು. ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಬಂದು ಗಂಡನ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಸಕ್ಕರೆ ಕೊಂಡು ಹೋಗಿ ಸುಗ್ರಮ್ಮನ ಕೈಯಲ್ಲಿ ಓದಿಸಿ ಓಣಿಗೆಲ್ಲ ಹಂಚಿದಳು. ತಾಯಣ್ಣ ಕೋಲೂರಿಕೊಂಡು ಬಂದ.

"ಹೇಳಿದ್ನಿಲ್ಲೇನು ತಮ್ಮಾ? ಕಾಸೀಮಪ್ಪ ತಾ ಕೊಟ್ಟಿದ್ದು ತಾ ತಗೊಂಡಾನ. ಇನ್ನ ಗುದ್ದಲಿ ಬೀಳೂದ್ರೊಳಗ ಕಾಲಿಗೆ ಬಲ ಬರ್ತದ. ಈ ವರ್ಸನೂ ನೀನ ಹೊರಬೇಕು."

"ಹೊರ್ತೀನಿ ಕಾಕಾ," ಎಂದ ಹಂಪಣ್ಣ. ಅವನ ಮುಖದಲ್ಲಿ ವರ್ಷದ ಹಿಂದಿನ ಕಳೆ ಬಂದಿತ್ತು.

ಡಾಕ್ಟರಮ್ಮನಿಗೆ ತೋರಿಸಿ ಬರಬೇಕೆಂದು ಹಠ ಹಿಡಿದವನೂ ಅವನೇ. ದೇವದುರ್ಗದಿಂದ ರಾಯಚೂರಿನವರೆಗೆ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಕಾಲು ತೋರಿಸಿದ. ದವಾಖಾನೆಯ ಬಾಗಿಲಲ್ಲೇ ಕೂಗಿದ: "ಮೇಡಂ, ಮೀನು ಸುಮ್ಮನಾಗ್ಯಾದ ನೋಡ್ರಿ!"

ಡಾಕ್ಟರಮ್ಮ ಮಂಚದ ಮೇಲೆ ಮಲಗಿಸಿ ನೋಡಿದರು. ಪಾದ ಮೇಲಕ್ಕೆ ಎತ್ತಿ ಎಂದರು. ಪಾದ ಏಳಲಿಲ್ಲ. ಕೆಳಕ್ಕೆ ಒತ್ತಿ ಎಂದರು. ಅದೂ ಇಲ್ಲ. ಬೆರಳಾದರೂ ಆಡಿಸಿ ಎಂದರು. ಹಂಪಣ್ಣ ಹಲ್ಲು ಕಚ್ಚಿದ, ಕತ್ತಿನ ನರ ಉಬ್ಬಿತು, ಬೆರಳು ಅಲುಗಲಿಲ್ಲ. ಅವರು ಮೀನಖಂಡ ಇದ್ದ ಜಾಗವನ್ನು ಎರಡು ಬೆರಳಲ್ಲಿ ಹಿಡಿದರು. ಬೆರಳುಗಳ ನಡುವೆ ಚರ್ಮವಷ್ಟೇ ಸಿಕ್ಕಿತು.

"ನಿಂತದ ಅಲ್ರೀ?" ಎಂದಳು ಬೂದೆಮ್ಮ.

"ನಿಂತಿದೆ ಅಮ್ಮಾ." ಅವರು ಸ್ವಲ್ಪ ಹೊತ್ತು ಲುಂಗಿಯ ಅಂಚು ಸರಿಪಡಿಸಿದರು. "ಹಾರೋದಕ್ಕೆ ಅಲ್ಲಿ ಸ್ನಾಯು ಉಳಿದಿಲ್ಲ. ಒದ್ದಾಡೋ ನರವೂ ಉಳಿದಿಲ್ಲ."

ಹಂಪಣ್ಣ ಚಾವಣಿ ನೋಡುತ್ತ ಮಲಗಿದ್ದ. ಮಲಗಿದ್ದಲ್ಲಿಂದಲೇ ಕೇಳಿದ: "ಹಂಗಂದ್ರ ಹಾರೂತನಕ ಕಾಲಾಗ ಜೀವ ಇತ್ತು ಅಂದಂಗಾತು?"

"ಹೌದು."

ಆ ವರ್ಷ ಗುದ್ದಲಿ ಬೀಳುವ ದಿನ ಹಂಪಣ್ಣ ಮನೆಯಿಂದ ಹೊರಗೆ ಬರಲಿಲ್ಲ. ಸುದ್ದಿ ಬೂದೆಮ್ಮ ತಂದಳು. ಕುಣಿಯ ಸುತ್ತ ಊರ ಹರೆಯದವರೆಲ್ಲ ಲುಂಗಿ ಎತ್ತಿ ಕೂತು ಅವರವರ ಮೀನಖಂಡ ನೋಡಿಕೊಳ್ಳುತ್ತಿದ್ದರಂತೆ. ಬೆಳಗಿನಿಂದ ನೀರು ಮುಟ್ಟದೆ ಬರೀ ಚಹಾ ಕುಡಿದು ಬಂದವರೂ ಇದ್ದರಂತೆ. ಕಡೆಗೆ ತಿರುಪತಿ ಎಂಬ ಟ್ರ್ಯಾಕ್ಟರ್ ಹೊಡೆಯುವವನ ತೊಡೆ ಹಾರಿತಂತೆ.

"ತೊಡಿ ಹಾರಿದ್ರ ನಡೀತದೇನು?" ಎಂದ ಹಂಪಣ್ಣ.

"ನಿಮ್ಮ ತಾಯಣ್ಣ ಕಾಕಾ ನಡೀತದಂದ."

"ಆ ತಿರುಪತಿಗೆ ಒಮ್ಮೆ ದವಾಖಾನಿಗೆ ಹೋಗಿ ತೋರಸು ಅಂತ ಹೇಳು."

ಬೂದೆಮ್ಮ ಹೋಗಿ ಹೇಳಿದಳು. ಹಂಪಣ್ಣನಿಗೆ ಹೊಟ್ಟೆಕಿಚ್ಚು ಎಂದು ಜನ ಆಡಿಕೊಂಡಿತು. ಸುಗ್ರಮ್ಮ ಮಾತ್ರ ತಿರುಪತಿಯ ಕೈಹಿಡಿದು ಅರಕೇರಾಕ್ಕೆ ಕರೆದೊಯ್ದು ತೋರಿಸಿಕೊಂಡು ಬಂದಳು. ಅವನಿಗೆ ಏನೂ ಇರಲಿಲ್ಲ. ಬರೀ ಬಿಸಿಲು, ಬರೀ ಚಹಾ.

ಕಡೆಯ ದಿನ ಹಂಪಣ್ಣನನ್ನು ಕುರ್ಚಿಯಲ್ಲಿ ಹೊತ್ತು ತಂದು ಮಸೂತಿಯ ಗೋಡೆಗೆ ಒರಗಿಸಿ ಕೂರಿಸಿದರು. ತಿರುಪತಿ ಗಟ್ಟಿಮುಟ್ಟಾದ ಆಳು. ಕಾಸೀಮಪ್ಪನನ್ನು ಹೊತ್ತು ಅಗಸೆ ದಾಟಿದ, ಬಾವಿ ದಾಟಿದ, ಎಲ್ಲಿಯೂ ಎಡವಲಿಲ್ಲ.

"ಈ ಸಲ ದೇವ್ರು ಪೂರಾ ಬಂದಿಲ್ಲ ಬಿಡ," ಎಂದ ಹಿಂದೆ ನಿಂತ ಒಬ್ಬ.

"ಹೋದ ವರ್ಸ ಹಂಪಣ್ಣ ಹೆಂಗ ತೂರಾಡತಿದ್ದ! ಅದು ಬರೂದು ಅಂದ್ರ," ಎಂದ ಇನ್ನೊಬ್ಬ.

ಕುರ್ಚಿಯಲ್ಲಿ ಕೂತವನಿಗೆ ಎಲ್ಲವೂ ಕೇಳಿಸಿತು. ದೇವರು ಎದುರಿಗೆ ಬಂದಾಗ ಜನ ಎದ್ದು ನಿಂತಿತು. ಬೂದೆಮ್ಮ ಒಂದು ಕಡೆ, ಸುಗ್ರಮ್ಮ ಒಂದು ಕಡೆ ಕಂಕುಳಿಗೆ ಕೈಹಾಕಿ ಅವನನ್ನು ಎತ್ತಿ ಹಿಡಿದರು. ತಿರುಪತಿ ನವಿಲುಗರಿಯ ಕಟ್ಟನ್ನು ಅವನ ತಲೆಗೆ ಮುಟ್ಟಿಸಿ, "ಏನು ಬೇಡ್ಕೊಂತಿ ಬೇಡ್ಕೊ ಯಣ್ಣಾ" ಎಂದ.

ಹಂಪಣ್ಣನ ತುಟಿ ಅಲುಗಿತು. ಈಗೀಗ ಅವನ ಮಾತು ಸ್ವಲ್ಪ ತೊದಲುತ್ತಿತ್ತು. ಹಲಗೆಯ ಸದ್ದಿನಲ್ಲಿ ತಿರುಪತಿಗೆ ಕೇಳಿಸಲಿಲ್ಲ. ಪಕ್ಕದಲ್ಲೇ ಇದ್ದ ಬೂದೆಮ್ಮನಿಗೆ ಕೇಳಿಸಿತು.

"ಒಂದ ಸಲ ಹಾರಲಿ ಯಪ್ಪಾ. ಎಡಗಾಲು. ಒಂದ ಸಲ."

ದೇವರು ಮುಂದೆ ಹೋಯಿತು. ಅವರು ಅವನನ್ನು ಕುರ್ಚಿಗೆ ಇಳಿಸಿದರು. ಹಂಪಣ್ಣ ಬಗ್ಗಿ, ಬಲಗೈಯಿಂದ ಲುಂಗಿ ಸರಿಸಿ, ಎಡಗಾಲನ್ನೇ ನೋಡುತ್ತ ಕೂತ. ಮೆರವಣಿಗೆ ಹಳ್ಳದ ಕಡೆ ತಿರುಗುವವರೆಗೂ ನೋಡಿದ. ಕಾಲಿನ ಮೇಲೆ ನೊಣ ಕೂತಿತು. ಬೂದೆಮ್ಮ ಅದನ್ನು ಓಡಿಸಿ ಲುಂಗಿ ಇಳಿಸಿದಳು.